2,500 ರೂಪಾಯಿ ಒಳಗೆ ವೈರ್ಡ್ ಇಯರ್‌ಫೋನ್: ಸ್ವಿಚ್, ನಾಝಲ್, ಡಿಎಸ್‌ಪಿ, ಯಾವುದರಿಂದ ನಿಜಕ್ಕೂ ಸೌಂಡ್ ಬದಲಾಗುತ್ತೆ?

ಶ್ರುತಿಬಾಕ್ಸ್

ಎಲ್ಲರಿಗೂ ನಮಸ್ಕಾರ. ವೈರ್‌ಲೆಸ್ ಬಡ್ಸ್‌ನ ಬ್ಯಾಟರಿ ಕೈಕೊಟ್ಟಿದೆ, ಇನ್ನು ವೈರ್ ಇರೋದನ್ನೇ ತಗೋಬೇಕು ಅಂತ ತೀರ್ಮಾನ ಮಾಡಿದ್ದೀನಿ. ಬಜೆಟ್ 2,500. ತುಂಬಾ ಚೆನ್ನಾಗಿದೆ ಅಂದ್ರೆ 3,000ದವರೆಗೂ ಹೋಗ್ತೀನಿ. ಫೋನ್‌ನಲ್ಲಿ ಇನ್ನೂ 3.5 ಎಂಎಂ ಜ್ಯಾಕ್ ಇದೆ.

ನಾನು ಕರ್ನಾಟಕ ಸಂಗೀತ ಕಲೀತಿದ್ದೀನಿ. ಪಾಠದ ರೆಕಾರ್ಡಿಂಗ್, ಕಚೇರಿ, ಹಳೇ ಚಿತ್ರಗೀತೆ, ನಾನು ಕೇಳೋದು ಇಷ್ಟೇ. ಆದರೆ ನಾನು ಇಟ್ಟ ತಕ್ಷಣ ನನ್ನ ತಮ್ಮ ಎತ್ಕೊಂಡು ಹೋಗ್ತಾನೆ. ಅವನಿಗೆ ಗೇಮ್, ರ‍್ಯಾಪ್, ಬೇಸ್. ಅದಕ್ಕೇ "ಸೌಂಡ್ ಬದಲಾಯಿಸಿಕೊಳ್ಳಬಹುದು" ಅಂತ ಬರೆದಿರೋ ಮಾಡೆಲ್‌ಗಳನ್ನ ನೋಡ್ತಿದ್ದೀನಿ. ಕೆಝಡ್ ಕ್ಯಾಸ್ಟರ್‌ನಲ್ಲಿ ಪಕ್ಕದಲ್ಲಿ ಪುಟ್ಟ ಸ್ವಿಚ್‌ಗಳಿವೆ. ಟಿಆರ್‌ಎನ್ ಕಾಂಚ್‌ನಲ್ಲಿ ತಿರುಗಿಸಿ ಬದಲಾಯಿಸೋ ಮೂರು ಜೊತೆ ನಾಝಲ್, ಅಂದ್ರೆ ಸೌಂಡ್ ಹೊರಬರೋ ಮೂತಿ, ಬರುತ್ತಂತೆ. ಟೈಪ್-ಸಿ ಪಿನ್ ಇರೋ ಡಿಎಸ್‌ಪಿ (ಸೌಂಡ್ ತಿದ್ದೋ ಚಿಪ್ ಇರೋ) ಮಾಡೆಲ್‌ಗಳಲ್ಲಿ ಆಪ್‌ನಲ್ಲೇ ಈಕ್ಯೂ, ಅಂದ್ರೆ ಬೇಸ್ ಟ್ರೆಬಲ್ ಹೆಚ್ಚು ಕಮ್ಮಿ, ಮಾಡಬಹುದಂತೆ. ಅಂಗಡಿಯಲ್ಲಿ ಕೇಳಿ ನೋಡೋ ಅವಕಾಶ ನಮ್ಮೂರಲ್ಲಿಲ್ಲ. ಇವುಗಳಿಂದ ಕಿವಿಗೆ ಗೊತ್ತಾಗೋವಷ್ಟು ವ್ಯತ್ಯಾಸ ಆಗುತ್ತಾ, ಅಥವಾ ಬರೀ ಡಬ್ಬದ ಮೇಲಿನ ಮಾತಾ?

ಬೇಸ್‌ಪ್ರಿಯ_99

ಕ್ಯಾಸ್ಟರ್ ತಗೊಳ್ಳಿ ಅಕ್ಕ, ಕಣ್ಣು ಮುಚ್ಕೊಂಡು. ತಮ್ಮನಿಗೆ ಬೇಸ್ ಸ್ವಿಚ್ ಆನ್, ನಿಮಗೆ ಆಫ್. ಕೆಲಸ ಮುಗೀತು.

ಗ್ರಾಫ್‌ನೋಡಿ

ಕೆಲಸ ಮುಗಿಯಲ್ಲ. ಕ್ಯಾಸ್ಟರ್ ಎರಡು ವರ್ಷನ್‌ನಲ್ಲಿ ಬರುತ್ತೆ, ಒಂದು ಹರ್ಮನ್ ಟಾರ್ಗೆಟ್ (ಹೆಚ್ಚು ಜನಕ್ಕೆ ಇಷ್ಟವಾಗೋ ಸೌಂಡಿನ ಗೆರೆ), ಇನ್ನೊಂದು ಬೇಸ್ ಇಂಪ್ರೂವ್ಡ್. ಯಾವುದು ಅಂತ ನೋಡದೆ ಆರ್ಡರ್ ಹಾಕಿದರೆ ಸ್ವಿಚ್ ಹೇಗಿಟ್ಟರೂ ಬೇಕಾದ ಸೌಂಡ್ ಬರಲ್ಲ. ಒಳಗೆ ಎರಡು ಡೈನಾಮಿಕ್ ಡ್ರೈವರ್, ಅಂದ್ರೆ ಪುಟ್ಟ ಸ್ಪೀಕರ್, ಇವೆ. ಸ್ವಿಚ್ ಮಾಡೋದು ಇಷ್ಟೇ: ಸೌಂಡನ್ನ ಎರಡೂ ಡ್ರೈವರ್‌ಗೆ ಹಂಚೋ ಕ್ರಾಸ್‌ಓವರ್ ಸರ್ಕ್ಯೂಟ್‌ನಲ್ಲಿ ರೆಸಿಸ್ಟರ್ ಸೇರಿಸುತ್ತೆ ಇಲ್ಲ ತೆಗೆಯುತ್ತೆ. ಅದರಿಂದ ಒಂದು ಡ್ರೈವರ್‌ಗೆ ಹೋಗೋ ಸಿಗ್ನಲ್ ಇನ್ನೊಂದಕ್ಕೆ ಹೋಲಿಸಿದರೆ ಸ್ವಲ್ಪ ಹೆಚ್ಚು ಕಮ್ಮಿ ಆಗುತ್ತೆ. ನಾಲ್ಕು ಸ್ವಿಚ್ ಅಂದ್ರೆ ಲೆಕ್ಕಕ್ಕೆ 16 ಜೋಡಣೆ, ಆದರೆ ಅದರಲ್ಲಿ ಬಹುಪಾಲು ಒಂದಕ್ಕೊಂದು ಅಂಟಿಕೊಂಡೇ ಇರುತ್ತವೆ. ಕಿವಿಗೆ ಬೇರೆ ಅನ್ನಿಸೋದು ಮೂರೋ ನಾಲ್ಕೋ.

ಬೇಸ್‌ಪ್ರಿಯ_99

ಮೂರು ನಾಲ್ಕು ಸಾಕಲ್ವಾ ಗುರು? ಇಬ್ಬರು ಕೇಳೋಕೆ 16 ಯಾಕೆ ಬೇಕು?

ಎಸ್‌ಪಿರೋಡ್_ರಿಪೇರಿ

ಸ್ವಿಚ್ ಬಗ್ಗೆ ಕೆಲಸದ ಮೇಜಿನಿಂದ ಒಂದು ಮಾತು. ಅವು ಡಿಪ್ ಸ್ವಿಚ್. ಅಕ್ಕಿ ಕಾಳಿನಷ್ಟೂ ಇಲ್ಲದ ಪ್ಲಾಸ್ಟಿಕ್ ಕಡ್ಡಿಯನ್ನ ಚೂಪು ತುದಿಯಿಂದ ತಳ್ಳಬೇಕು. ಒಂದು ಸಲ ಸೆಟ್ ಮಾಡಿ ಬಿಡೋಕೆ ಮಾಡಿರೋದು. ಅಕ್ಕ ತಮ್ಮ ದಿನಾ ಎರಡೂ ಕಡೆ ನಾಲ್ಕು ನಾಲ್ಕು ಕಡ್ಡಿ ತಳ್ಳುತ್ತಾ ಕೂತರೆ ಬಾಳಿಕೆ ಬರಲ್ಲ. ನನ್ನ ಹತ್ತಿರ ಬರೋ ಸ್ವಿಚ್ ಪೀಸ್‌ಗಳಲ್ಲಿ ಸಾಮಾನ್ಯ ದೂರು ಅಂದ್ರೆ "ಒಂದು ಕಿವಿಯಲ್ಲಿ ಬೇಸ್ ಕಮ್ಮಿ". ತೆಗೆದು ನೋಡಿದರೆ ಒಂದು ಕಡ್ಡಿ ಅರ್ಧಕ್ಕೆ ನಿಂತಿರುತ್ತೆ, ಇಲ್ಲಾಂದ್ರೆ ಎಡಗಡೆ ಒಂದು ಥರ, ಬಲಗಡೆ ಇನ್ನೊಂದು ಥರ ಇಟ್ಟಿರ್ತಾರೆ. ಲೋಹದ ಸೂಜಿ ಹಾಕಬೇಡಿ, ಟೂತ್‌ಪಿಕ್ ಸಾಕು.

ಕಡಲತಡಿ_ಮಾಣಿ

ಸ್ವಿಚ್, ನಾಝಲ್ ಎಲ್ಲ ಆಮೇಲೆ ಮಾರಾಯ್ರೆ. ಮೊದಲು ಟಿಪ್ಸ್ (ಕಿವಿಯೊಳಗೆ ಕೂರುವ ರಬ್ಬರ್) ಸರಿ ಕೂತಿದೆಯಾ ನೋಡ್ಬೇಕು. ಡಬ್ಬದಲ್ಲಿ ಬರುವ ರಬ್ಬರಿನಲ್ಲಿ ನಡುವಿನ ಸೈಜ್ ಹಾಕಿಯೇ ಬರ್ತದೆ, ಜನ ಅದನ್ನೇ ಇಟ್ಟುಕೊಂಡು "ಬೇಸ್ ಇಲ್ಲ" ಅಂತ ರಿವ್ಯೂ ಬರೀತಾರೆ. ಕಿವಿಯ ಒಳಗೆ ಗಾಳಿ ಸೋರಿದ್ರೆ ಮೊದಲು ಹೋಗುವುದೇ ಬೇಸ್. ಸೋರುವ ಟಿಪ್ಸ್ ಮೇಲೆ ಈಕ್ಯೂ ಮಾಡುವುದು ತೂತು ಬಿಂದಿಗೆಗೆ ನೀರು ಹೊಯ್ದ ಹಾಗೆ.

ಎಡಕಿವಿಗೂ ಬಲಕಿವಿಗೂ ಬೇರೆ ಬೇರೆ ಸೈಜ್ ಬೇಕಾಗುವವರು ಎಷ್ಟೋ ಜನ ಇದ್ದಾರೆ. ನನಗೆ ಎಡಕ್ಕೆ ದೊಡ್ಡದು, ಬಲಕ್ಕೆ ನಡುವಿನದ್ದು.

ಶ್ರುತಿಬಾಕ್ಸ್

@ಕಡಲತಡಿ_ಮಾಣಿ ಸರಿಯಾಗಿ ಕೂತಿದೆ ಅಂತ ಹೇಗೆ ಗೊತ್ತಾಗುತ್ತೆ?

ಕಡಲತಡಿ_ಮಾಣಿ

ವೈರನ್ನು ಕಿವಿಯ ಹಿಂದಿನಿಂದ ಸುತ್ತಿ, ಇನ್ನೊಂದು ಕೈಯಲ್ಲಿ ಕಿವಿಯನ್ನು ಸ್ವಲ್ಪ ಮೇಲಕ್ಕೂ ಹಿಂದಕ್ಕೂ ಎಳೆದು ಒಳಗೆ ಹಾಕಿ. ಹಾಡು ಹಾಕಿ ಬೆರಳಿನಿಂದ ಮೆಲ್ಲ ಒಳಗೆ ಒತ್ತಿ ನೋಡಿ. ಒತ್ತಿದಾಗ ಮಾತ್ರ ಬೇಸ್ ಏರಿ, ಬಿಟ್ಟ ಕೂಡಲೇ ಇಳಿದರೆ ಟಿಪ್ಸ್ ಸಣ್ಣದಾಯ್ತು ಅಂತ ಲೆಕ್ಕ. ಬೇರೆ ಪರೀಕ್ಷೆ ಎಂತದೂ ಬೇಡ.

ನಾದಪ್ರೇಮಿ_ಮೈಸೂರು

ಈ ಮಾತಿಗೆ ನಾನೂ ಕೈಜೋಡಿಸುತ್ತೇನೆ. ಸಂಗೀತ ಕಲಿಯುವವರಿಗೆ ಸಿಲಿಕಾನ್ ಟಿಪ್ಸೇ ಒಳ್ಳೆಯದು. ಫೋಮ್ ಟಿಪ್ಸ್ ಕಿವಿಗೆ ಮೆತ್ತಗಿರುತ್ತೆ, ಹೊರಗಿನ ಗದ್ದಲವನ್ನೂ ಚೆನ್ನಾಗಿ ತಡೆಯುತ್ತೆ, ಆದರೆ ಮೇಲಿನ ಸ್ವರಾಂಶಗಳನ್ನು ಸ್ವಲ್ಪ ನುಂಗಿಬಿಡುತ್ತೆ. ತಂಬೂರಿಯ ಜೀವಾಳ ಕೂತಿರುವುದೇ ಅಲ್ಲಿ. ಫೋಮ್ ಹಾಕಿ ಕೇಳಿದರೆ ತಂತಿ ಮೀಟಿದ ಮೇಲೆ ಬರುವ ಆ ಝೇಂಕಾರ ಮಂಕಾಗಿ, ಬರೀ ಶ್ರುತಿಪೆಟ್ಟಿಗೆಯ ಹಾಗೆ ಕೇಳಿಸುತ್ತದೆ.

ನಿಮ್ಮ ಪ್ರಶ್ನೆಗೆ ಬಂದರೆ, ಹಾಡುಗಾರಿಕೆಗೆ ಇಯರ್‌ಫೋನ್ ಆರಿಸುವಾಗ ನಾನು ನೋಡುವುದು ಎರಡೇ. ಒಂದು, ಮೃದಂಗದ ಎಡಗಡೆಯ ಗುಮ್ಕಿ ಗಾಯಕರ ಕೆಳಸ್ಥಾಯಿಯ ಮೇಲೆ ಹರಡಿ ಕೂರಬಾರದು. ಸುಮಾರು 200 ಹರ್ಟ್ಸ್ ಆಸುಪಾಸಿನಲ್ಲಿ ಉಬ್ಬಿರುವ ಇಯರ್‌ಫೋನ್‌ಗಳಲ್ಲಿ ಇದೇ ತೊಂದರೆ, ಗಂಡು ದನಿಗೆ ಕಂಬಳಿ ಹೊದಿಸಿದಂತಾಗುತ್ತದೆ. ಎರಡು, ಪಿಟೀಲು ತಾರಸ್ಥಾಯಿಗೆ ಹೋದಾಗ ಕಿವಿ ಚುಚ್ಚಬಾರದು. ಈ ಎರಡು ಸರಿಯಿದ್ದರೆ ಸ್ವಿಚ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಹುಬ್ಬಳ್ಳಿ_ತಾನ್‌ಪುರಾ

ಖರೇ ಮಾತ್ ನೋಡ್ರಿ. ನಮ್ಮ ಕಡೆ ಹಿಂದೂಸ್ತಾನಿ ಕೇಳೂ ಮಂದಿಗೂ ಇದ ತ್ರಾಸ. ಬೇಸ್ ಜಾಸ್ತಿ ಇದ್ದ ಇಯರ್‌ಫೋನ್‌ನ್ಯಾಗ ತಬಲಾದ ಡಗ್ಗಾ ಒಂದ ಕೇಳಿಸ್ತೈತಿ, ವಿಲಂಬಿತ ಖಯಾಲ ಹಿಂದ ಸರದ್ ಹೋಗ್ತೈತಿ.

ಚಂಡೆಪೆಟ್ಟು

ಟ್ರೆಬಲ್ ಪರೀಕ್ಷೆಗೆ ಯಕ್ಷಗಾನದ ರೆಕಾರ್ಡಿಂಗ್ ಹಾಕಿ ನೋಡಿ, ಯಾವ ವಿದೇಶಿ ಟೆಸ್ಟ್ ಟ್ರ್ಯಾಕೂ ಬೇಡ. ಬಡಗಿನ ಚಂಡೆಯ ಉರುಳಿಕೆ ಶುರುವಾದಾಗ ಒಂದೊಂದು ಪೆಟ್ಟೂ ಬಿಡಿಬಿಡಿಯಾಗಿ ಕೇಳಿಸಬೇಕು, ಅದೇ ಹೊತ್ತಿಗೆ ಭಾಗವತರ ಪದದ ಸಾಹಿತ್ಯ ಅರ್ಥ ಆಗಬೇಕು. ಕಡಿಮೆ ಬೆಲೆಯ ಹೆಚ್ಚಿನವುಗಳಲ್ಲಿ ಚಂಡೆ, ತಾಳ ಎರಡೂ ಸೇರಿ ಒಂದೇ ಸೀಳು ಶಬ್ದ ಆಗ್ತದೆ. ಮದ್ದಳೆ ಎಲ್ಲಿ ಹೋಯ್ತು ಅಂತಲೇ ತಿಳಿಯುವುದಿಲ್ಲ.

ಬೇಸ್‌ಪ್ರಿಯ_99

ಎಲ್ಲರೂ ಶಾಸ್ತ್ರೀಯ ಸಂಗೀತಕ್ಕೇ ನಿಂತುಬಿಟ್ರಿ. ತಮ್ಮನ ಪರ ಮಾತಾಡೋಕೆ ನಾನೊಬ್ಬನೇ. ಬೇಸ್ ಅಂದ್ರೆ ಕೆಟ್ಟದ್ದು ಅಲ್ಲ ಸ್ವಾಮಿ. ಮೆಟ್ರೋದಲ್ಲಿ ಓಡಾಡೋರನ್ನ ಕೇಳಿ.

ಮೆಟ್ರೋಪಯಣಿಗ

ಕೇಳಿದ್ದಕ್ಕೆ ಹೇಳ್ತೀನಿ, ಬೇಸ್‌ಪ್ರಿಯ ಅವರ ಮಾತಲ್ಲಿ ಹುರುಳಿದೆ. ಪರ್ಪಲ್ ಲೈನ್‌ನಲ್ಲಿ ಕಬ್ಬನ್ ಪಾರ್ಕ್ ದಾಟಿ ಮೆಜೆಸ್ಟಿಕ್ ಕಡೆ ಸುರಂಗದಲ್ಲಿ ಹೋಗುವಾಗ ಗಾಡಿಯ ಗುಡುಗು ಶಬ್ದ ಹಾಡಿನ ಬೇಸನ್ನೇ ಮುಚ್ಚಿಬಿಡುತ್ತೆ. ಮನೇಲಿ ಸರಿಯಾಗಿ ಕೇಳಿಸೋ ಇಯರ್‌ಫೋನ್ ಅಲ್ಲಿ ಸಪ್ಪೆ. ಅಲ್ಲಿ ನಾಲ್ಕೈದು ಡೆಸಿಬಲ್ ಬೇಸ್ ಏರಿಸಿಕೊಂಡರೆ ಒಟ್ಟು ವಾಲ್ಯೂಮ್ ಏರಿಸೋ ಗೋಜಿರಲ್ಲ.

ಗ್ರಾಫ್‌ನೋಡಿ

ಇದಕ್ಕೆ ಇನ್ನೊಂದು ಕಾರಣ ಸೇರಿಸ್ತೀನಿ. ಸಣ್ಣ ವಾಲ್ಯೂಮ್‌ನಲ್ಲಿ ನಮ್ಮ ಕಿವಿಗೆ ಕೆಳಗಿನ ಫ್ರೀಕ್ವೆನ್ಸಿಗಳು ಕಮ್ಮಿ ಕೇಳಿಸ್ತವೆ. 1933ರಲ್ಲೇ ಫ್ಲೆಚರ್ ಮತ್ತು ಮನ್ಸನ್ ಇದನ್ನ ಅಳತೆ ಮಾಡಿ ತೋರಿಸಿದ್ದಾರೆ. ರಾತ್ರಿ ಮೆಲ್ಲಗೆ ಕೇಳೋರಿಗೆ ಬೇಸ್ ಜಾಸ್ತಿ ಬೇಕು ಅನ್ನಿಸೋದು ರುಚಿಯ ಮಾತಷ್ಟೇ ಅಲ್ಲ. ಹಾಗಾಗಿ ಸೌಂಡ್ ಬದಲಾಯಿಸೋ ಅವಕಾಶ ಇರಲೇಬೇಕು ಅನ್ನೋದನ್ನ ನಾನೂ ಒಪ್ತೀನಿ. ನನ್ನ ತಕರಾರು ಅದಕ್ಕೆ ಸ್ವಿಚ್ಚೇ ಬೇಕಾ ಅನ್ನೋದು.

ಬೆಲೆ ಕಮ್ಮಿ ಇಟ್ಟುಕೊಂಡು ಎರಡು ಡ್ರೈವರ್, ನಾಲ್ಕು ಸ್ವಿಚ್, ಸರ್ಕ್ಯೂಟ್ ಬೋರ್ಡ್ ಎಲ್ಲಾ ತುರುಕೋದಕ್ಕಿಂತ ಒಂದೇ ಒಳ್ಳೆ ಡೈನಾಮಿಕ್ ಡ್ರೈವರ್ ಸರಿಯಾಗಿ ಟ್ಯೂನ್ ಮಾಡಿ ಕೊಟ್ಟಿರೋದು ಮೇಲು. ಮೂನ್‌ಡ್ರಾಪ್ ಚೂ 2, ಟ್ಯಾಂಗ್‌ಝು ವಾನರ್, 7ಹರ್ಟ್ಸ್ ಝೀರೋ 2 ಮೂರೂ 10 ಎಂಎಂ ಒಂಟಿ ಡ್ರೈವರ್, ಮೂರಕ್ಕೂ ಬಿಚ್ಚಿ ಹಾಕೋ ಕೇಬಲ್. ಇದರಲ್ಲಿ ಒಂದು ತಗೊಂಡು, ಬೇಕಾದ ಬದಲಾವಣೆ ಈಕ್ಯೂನಲ್ಲಿ ಮಾಡಿ. ಈಕ್ಯೂ ಪುಕ್ಕಟೆ.

ಶ್ರುತಿಬಾಕ್ಸ್

ಫೋನ್‌ನ ಸೆಟ್ಟಿಂಗ್ಸ್‌ನಲ್ಲಿ ಇರೋ ಈಕ್ಯೂ ಸಾಕಾ? ಅದರಲ್ಲಿ "ರಾಕ್", "ಜಾಝ್" ಅಂತ ಇದೆ. ಕರ್ನಾಟಕ ಸಂಗೀತ ಅಂತ ಇಲ್ಲ.

ಗ್ರಾಫ್‌ನೋಡಿ

ಅವನ್ನ ಮುಟ್ಟಬೇಡಿ. ಆಂಡ್ರಾಯ್ಡ್ ಆದರೆ ವೇವ್ಲೆಟ್ ಅಂತ ಆಪ್ ಇದೆ. ಯಾಕ್ಕೋ ಪಾಸನೆನ್ ಅನ್ನೋರು ಮಾಡಿರೋ ಆಟೋಈಕ್ಯೂ ಪಟ್ಟಿ ಅದರೊಳಗೇ ಇದೆ, ಮಾಡೆಲ್ ಹೆಸರು ಹುಡುಕಿ ಆರಿಸಿದರೆ ಹರ್ಮನ್ ಟಾರ್ಗೆಟ್ ಕಡೆಗೆ ತಾನೇ ತಿದ್ದುತ್ತೆ. ಹರ್ಮನ್ ಟಾರ್ಗೆಟ್ ಅಂದ್ರೆ ಸೀನ್ ಆಲಿವ್ ಮತ್ತು ಅವರ ತಂಡ ಬಹಳ ಜನ ಕೇಳುಗರನ್ನ ಕೂರಿಸಿ, ಹೆಚ್ಚು ಮಂದಿಗೆ ಯಾವ ಥರದ ಸೌಂಡ್ ಇಷ್ಟ ಅಂತ ಪರೀಕ್ಷೆ ಮಾಡಿ ಎಳೆದ ಗೆರೆ. ವಿಂಡೋಸ್‌ನಲ್ಲಿ ಈಕ್ವಲೈಝರ್ ಎಪಿಓ, ಅದನ್ನ ಸುಲಭವಾಗಿ ನಡೆಸೋಕೆ ಅದರ ಮೇಲೆ ಪೀಸ್ (Peace) ಅನ್ನೋ ಆಪ್. ಲಿನಕ್ಸ್‌ನಲ್ಲಿ ಈಝೀಎಫೆಕ್ಟ್ಸ್.

ಎಸ್‌ಪಿರೋಡ್_ರಿಪೇರಿ

ಒಂದು ಮುಖ್ಯ ವಿಷಯ ಬಿಟ್ರಿ. ಬೇಸ್ 5 ಡೆಸಿಬಲ್ ಏರಿಸಿದರೆ ಪ್ರೀಆಂಪ್ (ಈಕ್ಯೂ ಆಪ್‌ನಲ್ಲಿರೋ ಒಟ್ಟು ಮಟ್ಟ) ಮೈನಸ್ 5ಕ್ಕೆ ಇಳಿಸಲೇಬೇಕು. ಇಲ್ಲಾಂದ್ರೆ ಸಿಗ್ನಲ್ ತಲೆ ಕತ್ತರಿಸಿ ಬಿರಬಿರ ಅನ್ನುತ್ತೆ. ಜನ ಅದನ್ನ ಡ್ರೈವರ್ ಹರಿದುಹೋಯ್ತು ಅಂತ ತಿಳ್ಕೊಂಡು ಪೀಸ್ ತಂದುಕೊಡ್ತಾರೆ.

ಐಫೋನ್_ಅಮ್ಮು

ಐಫೋನ್ ಇರೋರಿಗೆ ಈ ವೇವ್ಲೆಟ್ ಎಲ್ಲಾ ಇಲ್ಲ. ಮ್ಯೂಸಿಕ್ ಆಪ್‌ನೊಳಗೆ ರೆಡಿಮೇಡ್ ಈಕ್ಯೂ ಬಿಟ್ಟರೆ ಇಡೀ ಫೋನ್‌ಗೆ ಅನ್ವಯ ಆಗೋ ಪ್ಯಾರಾಮೆಟ್ರಿಕ್ ಈಕ್ಯೂ (ಬೇಕಾದ ಫ್ರೀಕ್ವೆನ್ಸಿ ಆರಿಸಿ ತಿದ್ದೋದು) ಕೊಟ್ಟಿಲ್ಲ. ನಮ್ಮಂಥೋರಿಗೆ ನಾಝಲ್, ಸ್ವಿಚ್ ಬೇಕೇ ಬೇಕು. ಎಲ್ಲದಕ್ಕೂ "ಈಕ್ಯೂ ಪುಕ್ಕಟೆ" ಅಂತ ಹೇಳಬೇಡಿ.

ನೈಟ್‌ಶಿಫ್ಟ್_ನವೀನ

ಆಫೀಸ್ ಲ್ಯಾಪ್‌ಟಾಪ್‌ನಲ್ಲೂ ಇದೇ ಕತೆ. ಈಕ್ವಲೈಝರ್ ಎಪಿಓ ಹಾಕೋಕೆ ಅಡ್ಮಿನ್ ಪಾಸ್‌ವರ್ಡ್ ಕೇಳುತ್ತೆ, ಐಟಿಯವರು ಕೊಡಲ್ಲ. ದಿನಕ್ಕೆ ಎಂಟು ಗಂಟೆ ಕಿವಿಯಲ್ಲಿ ಇರೋದು ಅದೇ ಲ್ಯಾಪ್‌ಟಾಪ್‌ನ ಸೌಂಡು.

ಗ್ರಾಫ್‌ನೋಡಿ

ಇಬ್ಬರ ಮಾತೂ ನ್ಯಾಯ. ಅದಕ್ಕೆ ಒಂದು ದಾರಿ ಇದೆ: ಈಕ್ಯೂ ಡಾಂಗಲ್‌ನೊಳಗೇ, ಅಂದ್ರೆ ಫೋನ್‌ಗೂ ಇಯರ್‌ಫೋನ್‌ಗೂ ನಡುವೆ ಚುಚ್ಚೋ ಕನ್ವರ್ಟರ್‌ನೊಳಗೇ, ಕೂರಿಸೋದು. ಫಿಯೋದವರ ಜೇಡ್ ಆಡಿಯೋ ಜೆಎ11 ಅಂತ ಪುಟ್ಟ ಟೈಪ್-ಸಿ ಡಾಂಗಲ್ ಇದೆ, ಅದರಲ್ಲಿ ಐದು ಬ್ಯಾಂಡ್ ಪ್ಯಾರಾಮೆಟ್ರಿಕ್ ಈಕ್ಯೂ. ಒಂದು ಸಲ ಆಪ್‌ನಿಂದ ಬರೆದಿಟ್ಟರೆ ಸೆಟ್ಟಿಂಗ್ ಡಾಂಗಲ್‌ನಲ್ಲೇ ಉಳಿಯುತ್ತೆ. ಆಮೇಲೆ ಆಫೀಸ್ ಲ್ಯಾಪ್‌ಟಾಪ್‌ಗೆ ಚುಚ್ಚಿ, ಟೈಪ್-ಸಿ ಇರೋ ಐಫೋನ್‌ಗೆ ಚುಚ್ಚಿ, ಅದೇ ಸೌಂಡ್. ಅಡ್ಮಿನ್ ಪಾಸ್‌ವರ್ಡ್ ಯಾರಿಗೆ ಬೇಕು? ಮಾಮೂಲಿ 3.5 ಎಂಎಂ ಇಯರ್‌ಫೋನ್ ಯಾವುದಾದರೂ ಸರಿ, ಅದು ಡಿಎಸ್‌ಪಿ ಇಯರ್‌ಫೋನ್ ಆಗಿಹೋಗುತ್ತೆ. ಬಿಡುಗಡೆ ಆದಾಗ ಡಾಂಗಲ್‌ನ ಬೆಲೆ ಸುಮಾರು 12 ಡಾಲರ್, ಚೂ 2ದು ಸುಮಾರು 19. ಎರಡೂ ಸೇರಿ ಶ್ರುತಿಬಾಕ್ಸ್ ಅವರ ಬಜೆಟ್‌ನ ಮೇಲಿನ ತುದಿಗೆ ಬರುತ್ತೆ.

ಐಫೋನ್_ಅಮ್ಮು

ಇದು ಕೆಲಸದ ಮಾತು. ನೋಟ್ ಮಾಡ್ಕೊಂಡೆ.

ಮಲೆನಾಡ್_ಜಡಿಮಳೆ

ಟೈಪ್-ಸಿ ಪಿನ್ ನೇರವಾಗಿ ಇಯರ್‌ಫೋನ್‌ಗೇ ಇರೋ ಡಿಎಸ್‌ಪಿ ಮಾಡೆಲ್ ತಗೊಂಡರೆ ಆಗಲ್ವಾ? ಟ್ಯಾಂಚಿಮ್ ಬನ್ನಿ ಡಿಎಸ್‌ಪಿ, ಚೂ 2 ಡಿಎಸ್‌ಪಿ ಎಲ್ಲಾ ಇದೆಯಲ್ಲ. ಎರಡು ಸಾಮಾನು ಯಾಕೆ ಹೊತ್ಕೊಂಡು ತಿರುಗಬೇಕು?

ಎಸ್‌ಪಿರೋಡ್_ರಿಪೇರಿ

ಆಗುತ್ತೆ. ಆದರೆ ಡಿಎಸ್‌ಪಿ ಚಿಪ್ ಇರೋದು ಆ ಟೈಪ್-ಸಿ ಪ್ಲಗ್‌ನಲ್ಲಿ. ಇಯರ್‌ಫೋನ್‌ನಲ್ಲಿ ಮೊದಲು ಸಾಯೋ ಜಾಗವೂ ಪ್ಲಗ್ಗಿನ ಬುಡವೇ. ಬರೀ ವೈರ್ ಆದರೆ ನಾನು ಹೊಸ ಪಿನ್ ಹಾಕಿ ಬೆಸುಗೆ ಮಾಡಿಕೊಡ್ತೀನಿ. ಚಿಪ್ ಇರೋ ಪ್ಲಗ್ ಹೋದರೆ ರಿಪೇರಿ ಅಂತ ಇಲ್ಲ, ಆ ಕೇಬಲ್ಲೇ ಹೊಸದು ಬೇಕು. ಕೊಳ್ಳೋ ಮೊದಲು ಕೇಬಲ್ ಬಿಚ್ಚಬಹುದಾ, ಅದೊಂದೇ ಬಿಡಿಯಾಗಿ ಸಿಗುತ್ತಾ ಅಂತ ವಿಚಾರಿಸಿ.

ಶ್ರುತಿಬಾಕ್ಸ್

ನಾಝಲ್ ಬಗ್ಗೆ ಯಾರೂ ಹೇಳಲಿಲ್ಲ. ಕಾಂಚ್ ಬಳಸಿದವರು ಇದ್ದೀರಾ?

ಚಂಡೆಪೆಟ್ಟು

ನನ್ನ ಹತ್ತಿರ ಉಂಟು. ಮೂರು ನಾಝಲ್‌ನಲ್ಲಿ ವ್ಯತ್ಯಾಸ ಖಂಡಿತ ಗೊತ್ತಾಗ್ತದೆ, ಆದರೆ ನೀವು ಎಣಿಸಿದ ಜಾಗದಲ್ಲಿ ಅಲ್ಲ. ನಾಝಲ್‌ನ ಬಾಯಿಯಲ್ಲಿ ಜಾಲರಿ, ಅದರ ಹಿಂದೆ ತಡೆಯುವ ವಸ್ತು. ಅದು ದಟ್ಟವಾದಷ್ಟೂ ಮೇಲಿನ ಸೌಂಡ್ ಮೆತ್ತಗಾಗ್ತದೆ. ಬೇಸ್ ಹೆಚ್ಚು ಕಡಿಮೆ ಅಲ್ಲೇ ಇರ್ತದೆ. ಟ್ರೆಬಲ್ ತಗ್ಗಿದ್ದರಿಂದ ಬೇಸ್ ಏರಿದ ಹಾಗೆ ಅನ್ನಿಸುವುದು ಅಷ್ಟೆ. ನಾನು ಯಕ್ಷಗಾನಕ್ಕೆ ಮೆತ್ತಗಿರುವ ನಾಝಲ್ ಹಾಕಿದೆ, ಚಂಡೆಯ ಚುಚ್ಚು ಹೋಯ್ತು, ಭಾಗವತರು ಮುಂದೆ ಬಂದರು. ಆಮೇಲೆ ಅದನ್ನು ತೆಗೆಯಲೇ ಇಲ್ಲ.

ಗ್ರಾಫ್‌ನೋಡಿ

ಸರಿಯಾಗಿ ಹೇಳಿದ್ರಿ. ನಾಝಲ್ ಕೆಲಸ ಮಾಡೋದು ಮುಖ್ಯವಾಗಿ 2 ಕಿಲೋಹರ್ಟ್ಸ್‌ನಿಂದ ಮೇಲೆ. ನಮ್ಮ ಕಿವಿಯ ಕೊಳವೆಯೇ ಸುಮಾರು 3 ಕಿಲೋಹರ್ಟ್ಸ್ ಹತ್ತಿರ ಶಬ್ದವನ್ನ ಹಿಗ್ಗಿಸುತ್ತೆ. ಇಯರ್‌ಫೋನ್ ಕೊಳವೆಯೊಳಗೆ ಕೂತು ಆ ಸಹಜ ಹಿಗ್ಗನ್ನ ಕೆಡಿಸೋದರಿಂದ, ತಯಾರಕರು ಅಲ್ಲೊಂದು ಗುಡ್ಡ ತಾವೇ ಸೇರಿಸಬೇಕು. ಆ ಗುಡ್ಡ ಎಷ್ಟು ಎತ್ತರ ಅನ್ನೋದನ್ನೇ ನಾಝಲ್ ತೀರ್ಮಾನ ಮಾಡೋದು. ಸಿಮ್‌ಗಾಟ್ ಇಎ500ನಲ್ಲೂ ಕೆಂಪು ರಿಂಗ್, ಕಪ್ಪು ರಿಂಗ್ ಅಂತ ಎರಡು ಜೊತೆ ಕೊಡೋದು ಇದಕ್ಕೇ. ಆದರೆ ಅದು ಈ ಬಜೆಟ್ ಅಲ್ಲ.

ಮಲೆನಾಡ್_ಜಡಿಮಳೆ

ಮಳೆಗಾಲದಲ್ಲಿ ನಮ್ಮ ಕಡೆ ಆ ಜಾಲರಿಗೇ ತೇವ ಕೂತ್ಕೊಂಡು ಒಂದು ಕಡೆ ಸೌಂಡ್ ಕಮ್ಮಿ ಆಗುತ್ತೆ. ತಣ್ಣಗಿರೋ ಲೋಹದ ಶೆಲ್ ಬೆಚ್ಚಗಿರೋ ಕಿವಿಗೆ ಹೋದ ಕೂಡಲೇ ಬೆವರುತ್ತೆ. ಬೂಟಿನ ಡಬ್ಬದಲ್ಲಿ ಬರೋ ಸಿಲಿಕಾ ಜೆಲ್ ಪ್ಯಾಕೆಟ್ ಇಯರ್‌ಫೋನ್ ಡಬ್ಬಿಯಲ್ಲಿ ಹಾಕಿಡಿ, ರಾತ್ರಿ ಕಳೆಯೋದರಲ್ಲಿ ಸರಿಹೋಗುತ್ತೆ. ನಾಝಲ್ ಬಿಚ್ಚೋ ಮಾಡೆಲ್‌ನಲ್ಲಿ ನನಗೆ ಇಷ್ಟ ಆಗೋದು ಟ್ಯೂನಿಂಗ್‌ಗಿಂತ ಇದು: ಜಾಲರಿ ಕಟ್ಟಿಕೊಂಡರೆ ಬಿಚ್ಚಿ ಒರೆಸಬಹುದು. ಚೂ 2ರ ನಾಝಲ್ ಕೂಡ ತಿರುಗಿಸಿದರೆ ಬರುತ್ತೆ.

ಎಸ್‌ಪಿರೋಡ್_ರಿಪೇರಿ

ನಾಝಲ್ ಬುಡದಲ್ಲಿ ರಬ್ಬರ್ ವಾಷರ್ ಇದ್ದರೆ ಜೋಪಾನ, ಬಿಳಿ ಬಟ್ಟೆ ಹಾಸಿಕೊಂಡು ಬಿಚ್ಚಿ. ಅದು ಕಳೆದುಹೋದರೆ ಗಾಳಿ ಸೋರಿ ಬೇಸ್ ಹೋಗುತ್ತೆ. ಸ್ಕ್ರೂ ಮರೆ ಕತ್ತರಿಸೋ ಹಾಗೆ ಬಿಗಿ ಮಾಡಬೇಡಿ, ಬೆರಳ ತುದಿಯ ಬಲ ಸಾಕು.

ಹುಬ್ಬಳ್ಳಿ_ತಾನ್‌ಪುರಾ

ಕಿವ್ಯಾಗಿನ ಗುಗ್ಗಿ ಬಗ್ಗೆನೂ ಯಾರರೆ ಹೇಳ್ರಿ. ಜಾಲರಿ ಕಟ್ಟೂದು ಅರ್ಧಾ ಅದರಿಂದನ. ಅಕ್ಕಾ ತಮ್ಮ ಇಬ್ಬರೂ ಒಂದ ಇಯರ್‌ಫೋನ್ ಹಾಕ್ಕೊಳ್ಳೂದಾದ್ರ ಟಿಪ್ಸ್ ಬ್ಯಾರೆ ಬ್ಯಾರೆ ಇಟ್ಕೋರಿ, ಕಿವಿ ಸೋಂಕು ಹತ್ತಬಾರದು. ಪಿನ್ನು ಹಾಕಿ ಜಾಲರಿ ಕೆದರಬ್ಯಾಡ್ರಿ, ಹರಿದ್ರ ಕಸ ಸೀದಾ ಡ್ರೈವರ್ ಮ್ಯಾಲೆ ಬೀಳ್ತೈತಿ.

ಬೇಸ್‌ಪ್ರಿಯ_99

ನನ್ನ ಪ್ರಶ್ನೆಗೆ ಉತ್ತರ ಕೊಡಿ ಗ್ರಾಫ್ ಸರ್. ಟ್ರೂತ್‌ಇಯರ್ ಝೀರೋ ರೆಡ್ ಜೊತೆ 10 ಓಮ್ ಅಡಾಪ್ಟರ್ ಬರುತ್ತೆ, ಹಾಕಿದರೆ ಬೇಸ್ ಏರುತ್ತೆ. ಅದೇ ಅಡಾಪ್ಟರ್ ಬಿಡಿಯಾಗಿ ತಂದು ಚೂ 2ಗೆ ಹಾಕಿದರೆ ಆಯ್ತಲ್ಲ? ಆಪೂ ಬೇಡ, ಡಾಂಗಲ್ಲೂ ಬೇಡ.

ಗ್ರಾಫ್‌ನೋಡಿ

ಆಗಲ್ಲ. ಝೀರೋ ರೆಡ್‌ನಲ್ಲಿ ಎರಡು ಡ್ರೈವರ್, ನಡುವೆ ಕ್ರಾಸ್‌ಓವರ್. ಅದರ ಇಂಪೀಡೆನ್ಸ್ (ಸಿಗ್ನಲ್‌ಗೆ ಒಡ್ಡೋ ತಡೆ) ಕೆಳಗಿನ ಫ್ರೀಕ್ವೆನ್ಸಿಯಲ್ಲಿ ಒಂದು ಥರ, ಮೇಲೆ ಇನ್ನೊಂದು ಥರ. ಸರಣಿಯಲ್ಲಿ 10 ಓಮ್ ಸೇರಿದಾಗ ಇಂಪೀಡೆನ್ಸ್ ಕಮ್ಮಿ ಇರೋ ಜಾಗದಲ್ಲಿ ಡ್ರೈವರ್‌ಗೆ ಹೋಗೋ ವೋಲ್ಟೇಜ್ ಹೆಚ್ಚು ತಗ್ಗುತ್ತೆ, ಹೆಚ್ಚು ಇರೋ ಜಾಗದಲ್ಲಿ ಕಮ್ಮಿ ತಗ್ಗುತ್ತೆ. ಅದರಿಂದ ಗೆರೆಯ ಆಕಾರ ಬದಲಾಗಿ ಬೇಸ್ ಮೇಲೆ ಬರುತ್ತೆ. ಒಂಟಿ ಡೈನಾಮಿಕ್ ಡ್ರೈವರ್‌ನ ಇಂಪೀಡೆನ್ಸ್ ಬಹುಮಟ್ಟಿಗೆ ಸಮವಾಗಿರುತ್ತೆ. ಅಲ್ಲಿ ಆ ಅಡಾಪ್ಟರ್ ಹಾಕಿದರೆ ವಾಲ್ಯೂಮ್ ಕಮ್ಮಿ ಆಗುತ್ತೆ, ಬೇರೆ ಏನೂ ಆಗಲ್ಲ.

ಬೇಸ್‌ಪ್ರಿಯ_99

ಸರಿ, ಅದು ಅರ್ಥ ಆಯ್ತು. ಆದರೂ ಸ್ವಿಚ್ ವಿಷಯದಲ್ಲಿ ನಿಮ್ಮನ್ನ ಒಪ್ಪಲ್ಲ. ನಾನು ಸಿಸಿಎ ಟ್ರಿಯೋ ಬಳಸ್ತೀನಿ, ಬೇಸ್ ಸ್ವಿಚ್ ಎತ್ತಿದಾಗ ಎದೆಗೇ ಗುದ್ದಿದಂಗಾಗುತ್ತೆ.

ನಾದಪ್ರೇಮಿ_ಮೈಸೂರು

ಹೋಲಿಕೆ ಮಾಡುವಾಗ ವಾಲ್ಯೂಮ್ ಸಮ ಮಾಡಿಕೊಂಡಿರಾ? ಸ್ವಿಚ್ ಎತ್ತಿದಾಗ ಒಟ್ಟು ಸದ್ದೂ ಏರಬಹುದು. ಒಂದೆರಡು ಡೆಸಿಬಲ್ ಜೋರಾಗಿದ್ದರೂ ಕಿವಿ ಅದನ್ನೇ "ಚೆನ್ನಾಗಿದೆ" ಅನ್ನುತ್ತದೆ. ಗಾಯಕರ ದನಿ ಎರಡೂ ಬಾರಿ ಒಂದೇ ಎತ್ತರದಲ್ಲಿ ಕೇಳುವಂತೆ ವಾಲ್ಯೂಮ್ ಹೊಂದಿಸಿಕೊಂಡು ಮತ್ತೊಮ್ಮೆ ಕೇಳಿ. ನಾಝಲ್, ಟಿಪ್ಸ್, ಈಕ್ಯೂ ಎಲ್ಲಕ್ಕೂ ಇದೇ ಕ್ರಮ.

ಬೇಸ್‌ಪ್ರಿಯ_99

ಕೇಳಿದೆ. ವ್ಯತ್ಯಾಸ ಈಗಲೂ ಇದೆ, ಎದೆಗೆ ಗುದ್ದೋದು ಸ್ವಲ್ಪ ಕಮ್ಮಿ ಆಯ್ತು. ನನ್ನ ವೋಟು ಈಗಲೂ ಸ್ವಿಚ್‌ಗೇ.

ಹಳೇಹಾಡು_ಹೊಸಕಿವಿ

ಹಳೇ ಚಿತ್ರಗೀತೆ ಬಗ್ಗೆ ನನ್ನದೊಂದು ಮಾತು. ಅರವತ್ತು ಎಪ್ಪತ್ತರ ದಶಕದ ನಮ್ಮ ಹಾಡುಗಳಲ್ಲಿ ಹೆಚ್ಚಿನವು ಮೋನೋ. ಟೇಪಿನ ಸುಯ್ ಸದ್ದು ಇದ್ದೇ ಇರುತ್ತೆ. ಬೇಸೂ ಟ್ರೆಬಲ್ಲೂ ಎರಡೂ ಎತ್ತಿರೋ ಇಯರ್‌ಫೋನ್‌ನಲ್ಲಿ ಪಿ.ಬಿ. ಶ್ರೀನಿವಾಸ್ ದನಿ ಹಿಂದಕ್ಕೆ ಹೋಗಿ ಸುಯ್ ಅನ್ನೋದೇ ಮುಂದೆ ಬರುತ್ತೆ. ಎಸ್. ಜಾನಕಿ ಹಾಡಿನಲ್ಲಿ "ಸ", "ಶ" ಬಂದಾಗ ಕಿವಿಗೆ ಚುರ್ ಅನ್ನುತ್ತೆ. ಅಂಥ ಕಡೆ 6ರಿಂದ 8 ಕಿಲೋಹರ್ಟ್ಸ್ ನಡುವೆ ಮೂರು ಡೆಸಿಬಲ್ ಇಳಿಸಿ ನೋಡಿ, ಹಾಡು ಬಂದು ಎದುರಿಗೆ ಕೂರುತ್ತೆ.

ನಾನು ಬಳಸೋದು ವಾನರ್. ದನಿಗೆ ಬೆಚ್ಚಗಿದೆ, ಹಳೇ ಹಾಡಿಗೆ ಹೇಳಿ ಮಾಡಿಸಿದ ಹಾಗಿದೆ. ಚೂ 2 ಇದಕ್ಕಿಂತ ಸ್ವಲ್ಪ ಚುರುಕು.

ಗ್ರಾಫ್‌ನೋಡಿ

ಆ 8 ಕಿಲೋಹರ್ಟ್ಸ್ ವಿಷಯದಲ್ಲಿ ಎಚ್ಚರಿಕೆ. ಇಯರ್‌ಫೋನ್ ಅಳತೆ ತೋರಿಸೋ ಸ್ಕ್ವಿಗ್‌ಲಿಂಕ್ ಸೈಟ್‌ನಲ್ಲಿ ಗ್ರಾಫ್ ನೋಡಿದರೆ ಎಷ್ಟೋ ಇಯರ್‌ಫೋನ್‌ಗಳಿಗೆ 8 ಕಿಲೋಹರ್ಟ್ಸ್‌ನಲ್ಲಿ ಒಂದು ಚೂಪು ಕಾಣುತ್ತೆ. ಅಳತೆ ಮಾಡೋ 711 ಕಪ್ಲರ್ ಅನ್ನೋ ನಕಲಿ ಕಿವಿಯ ಕೊಳವೆಯ ಅನುರಣನ ಅದು, ಇಯರ್‌ಫೋನ್‌ನ ಗುಣ ಅಲ್ಲ. ನಿಮ್ಮ ಕಿವಿಯಲ್ಲಿ ಎಷ್ಟು ಆಳಕ್ಕೆ ಹೋಗುತ್ತೆ ಅನ್ನೋದರ ಮೇಲೆ ಆ ಚೂಪಿನ ಜಾಗವೂ ಬದಲಾಗುತ್ತೆ. ಗ್ರಾಫ್ ನೋಡಿ 8ರಲ್ಲಿ ಕತ್ತರಿಸಬೇಡಿ. "ಸ" ಅಕ್ಷರ ಕೇಳಿ, ಎಲ್ಲಿ ಚುಚ್ಚುತ್ತೋ ಅಲ್ಲಿ ಇಳಿಸಿ.

ಕಡಲತಡಿ_ಮಾಣಿ

ಹೆಸರು ಗ್ರಾಫ್‌ನೋಡಿ, ಕಡೆಗೆ ಹೇಳುವುದು ಕಿವಿಯಿಂದ ಕೇಳಿ ಅಂತ. ಸಂತೋಷ ಆಯ್ತು ಮಾರಾಯ್ರೆ.

ನೈಟ್‌ಶಿಫ್ಟ್_ನವೀನ

ವಿಷಯ ಬೇರೆ, ಆದರೂ ಕೇಳ್ತೀನಿ. ಅಗ್ಗದ ಟೈಪ್-ಸಿ ಟು 3.5 ಕನ್ವರ್ಟರ್ ತಂದೆ, ನನ್ನ ಫೋನ್‌ನಲ್ಲಿ ಸದ್ದೇ ಬರಲ್ಲ. ಫ್ರೆಂಡ್ ಫೋನ್‌ನಲ್ಲಿ ಬರುತ್ತೆ. ಯಾಕೆ?

ಎಸ್‌ಪಿರೋಡ್_ರಿಪೇರಿ

ಅದು ಬರೀ ತಂತಿ ಜೋಡಿಸಿರೋ ಕನ್ವರ್ಟರ್, ಒಳಗೆ ಡ್ಯಾಕ್ (ಡಿಜಿಟಲ್ ಸಿಗ್ನಲ್‌ನ ಅನಲಾಗ್ ಮಾಡೋ ಚಿಪ್) ಇಲ್ಲ. ಕೆಲವು ಫೋನ್‌ಗಳು ಟೈಪ್-ಸಿ ಪಿನ್‌ನಿಂದಲೇ ಅನಲಾಗ್ ಸಿಗ್ನಲ್ ಕೊಡ್ತವೆ, ಅಲ್ಲಿ ನಡೆಯುತ್ತೆ. ನಿಮ್ಮ ಫೋನ್ ಬರೀ ಡಿಜಿಟಲ್ ಕೊಡುತ್ತೆ, ಡ್ಯಾಕ್ ಇರೋದೇ ಬೇಕು. ಆಪಲ್ ಡಾಂಗಲ್ ಚೆನ್ನಾಗಿದೆ ಅಂತ ಎಲ್ಲರೂ ಹೇಳ್ತಾರೆ, ನಿಜವೇ, ಆದರೆ ಬಹಳಷ್ಟು ಆಂಡ್ರಾಯ್ಡ್ ಫೋನ್‌ಗಳಲ್ಲಿ ಅದರ ವಾಲ್ಯೂಮ್ ಕಮ್ಮಿ ಬರುತ್ತೆ. ಆಂಡ್ರಾಯ್ಡ್‌ಗೆ ಬೇರೆ ನೋಡಿ.

ಮೆಟ್ರೋಪಯಣಿಗ

ಕೇಬಲ್ ಬಗ್ಗೆ ಒಂದು. ಕೆಝಡ್ ಇಯರ್‌ಫೋನ್‌ಗೆ ಬದಲಿ ಕೇಬಲ್ ತರೋರು ಸಾಕೆಟ್ ನೋಡಿ. ಅವರದ್ದು ಹೊರಗೆ ಎದ್ದಿರೋ ಕ್ಯೂಡಿಸಿ ಥರದ್ದು. ಚೂ 2, ವಾನರ್, ಝೀರೋ 2ಗೆ ಮಾಮೂಲಿ 0.78 ಎಂಎಂ ಟೂ-ಪಿನ್. ಟೂ-ಪಿನ್‌ನಲ್ಲಿ ಒಂದು ಕಡೆ ಮಾತ್ರ ಉಲ್ಟಾ ಚುಚ್ಚಿಬಿಟ್ಟರೆ ಹಾಡುವವರ ದನಿ ನಡುವೆ ನಿಲ್ಲಲ್ಲ, ತಲೆಯ ಸುತ್ತ ಹರಡಿದ ಹಾಗೆ ಕೇಳುತ್ತೆ, ಬೇಸೂ ಸೊರಗುತ್ತೆ. ಬಿಚ್ಚಿ ತಿರುಗಿಸಿ ಹಾಕಿದರೆ ಸರಿ.

ಹುಬ್ಬಳ್ಳಿ_ತಾನ್‌ಪುರಾ

ಮೊದಲ ಅಲಿಎಕ್ಸ್‌ಪ್ರೆಸ್‌ನಿಂದ ತರಸ್ತಿದ್ವಿ, 2020ರ ನವೆಂಬರಿನ್ಯಾಗ ಆ ಆಪ್ ಬಂದ್ ಆತು. ಈಗ ಇಲ್ಲೀ ಅಂಗಡಿಯವರ ಕಡೆನ ತಗೋಬೇಕು, ಬೆಲಿ ಒಂಚೂರು ಜಾಸ್ತಿ. ಆದ್ರ ವಾರಂಟಿ ಸಿಗ್ತೈತಿ, ಅದು ಛಲೋ. ಬಿಲ್ ಇಟ್ಕೋರಿ, ಡಬ್ಬಿ ಒಗೀಬ್ಯಾಡ್ರಿ.

ಶ್ರುತಿಬಾಕ್ಸ್

ಇಷ್ಟು ಜನ ಇಷ್ಟು ತಾಳ್ಮೆಯಿಂದ ಹೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್. ತಮ್ಮನ ಹತ್ತಿರ ಮಾತಾಡಿದೆ. ಅವನು ಗೇಮ್ ಆಡೋದು ವಿಂಡೋಸ್ ಪಿಸಿಯಲ್ಲಿ, ಅಲ್ಲಿ ಪೀಸ್ ಹಾಕ್ಕೊಳ್ತಾನಂತೆ. ನನ್ನ ಫೋನ್‌ಗೆ ವೇವ್ಲೆಟ್. ಹಾಗಾಗಿ ಸ್ವಿಚ್ ಮಾಡೆಲ್ ಬಿಟ್ಟೆ. ವಾನರ್ ಮತ್ತು ಚೂ 2 ನಡುವೆ ನಿಂತಿದ್ದೀನಿ. ಹಾಡುಗಾರಿಕೆಗೆ ಯಾವುದು?

ನಾದಪ್ರೇಮಿ_ಮೈಸೂರು

ಗಂಡು ದನಿಯ ಕಚೇರಿ, ಹಳೆಯ ಹಾಡು ಹೆಚ್ಚು ಕೇಳುವುದಾದರೆ ವಾನರ್. ವೀಣೆ, ಪಿಟೀಲು ಹೆಚ್ಚು ಕೇಳುವುದಾದರೆ ಚೂ 2. ಪಾಠದ ರೆಕಾರ್ಡಿಂಗ್‌ಗೆ ವಾನರ್ ಎನ್ನುತ್ತೇನೆ, ಗಂಟೆಗಟ್ಟಲೆ ಕೇಳಿದರೂ ಕಿವಿ ದಣಿಯುವುದಿಲ್ಲ.

ಗ್ರಾಫ್‌ನೋಡಿ

ನನ್ನ ಆಯ್ಕೆ ಚೂ 2, ನಾಝಲ್ ಬಿಚ್ಚಿ ಒರೆಸಬಹುದು ಅನ್ನೋ ಒಂದೇ ಕಾರಣಕ್ಕೆ. ಆದರೆ ನಾದಪ್ರೇಮಿ ಅವರು ಹೇಳಿದ್ದು ನಿಮ್ಮ ಕೇಳ್ಮೆಗೆ ಹತ್ತಿರ ಇದೆ, ವಾನರ್ ತಗೊಂಡರೆ ನನ್ನದೇನೂ ತಕರಾರಿಲ್ಲ.

ಬೇಸ್‌ಪ್ರಿಯ_99

ತಮ್ಮನಿಗೆ ಪೀಸ್‌ನಲ್ಲಿ ಏನು ಹಾಕಬೇಕು ಅಂತಾದರೂ ಹೇಳಿ, ಪಾಪ.

ಗ್ರಾಫ್‌ನೋಡಿ

ತಮ್ಮನಿಗೆ: ಲೋ ಶೆಲ್ಫ್ ಫಿಲ್ಟರ್ (ಕೊಟ್ಟ ಫ್ರೀಕ್ವೆನ್ಸಿಯಿಂದ ಕೆಳಗಿನದೆಲ್ಲ ಏರಿಸೋದು), 105 ಹರ್ಟ್ಸ್, ಪ್ಲಸ್ 5 ಡೆಸಿಬಲ್, ಕ್ಯೂ 0.7. ಪ್ರೀಆಂಪ್ ಮೈನಸ್ 5. ಗೇಮ್‌ನಲ್ಲಿ ಹೆಜ್ಜೆ ಸಪ್ಪಳ ಮುಳುಗಿದರೆ ಪ್ಲಸ್ 3ಕ್ಕೆ ಇಳಿಸಲಿ, ಪ್ರೀಆಂಪೂ ಮೈನಸ್ 3.

ನಿಮಗೆ: ಮೊದಲ ವಾರ ಏನೂ ಹಾಕಬೇಡಿ. ಹಾಗೇ ಕೇಳಿ. ಆಮೇಲೂ ಮೃದಂಗ ದನಿಯ ಮೇಲೆ ಕೂರ್ತಿದೆ ಅನ್ನಿಸಿದರೆ 200 ಹರ್ಟ್ಸ್ ಸುತ್ತ 2 ಡೆಸಿಬಲ್ ಇಳಿಸಿ. ಏರಿಸೋದಕ್ಕಿಂತ ಇಳಿಸೋದು ಯಾವಾಗಲೂ ಕ್ಷೇಮ.

ನಾದಪ್ರೇಮಿ_ಮೈಸೂರು

ಇಬ್ಬರಿಗೂ ಹೇಳುವುದು ಒಂದಿದೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ದೊಡ್ಡವರಿಗೆ 80 ಡೆಸಿಬಲ್ ಸದ್ದಾದರೆ ವಾರಕ್ಕೆ 40 ಗಂಟೆ ಮಿತಿ. ಸದ್ದು ಏರಿದ ಹಾಗೆ ಆ ಗಂಟೆಗಳು ಬೇಗ ಬೇಗ ಕರಗುತ್ತವೆ. ಹಾಡುವವರಿಗೆ ಕಿವಿಯೇ ಬಂಡವಾಳ. ಟಿಪ್ಸ್ ಸರಿಯಾಗಿ ಕೂತರೆ ಹೊರಗಿನ ಗದ್ದಲ ತಾನೇ ತಗ್ಗುತ್ತದೆ, ವಾಲ್ಯೂಮ್ ಏರಿಸಬೇಕಾಗುವುದಿಲ್ಲ.

ಶ್ರುತಿಬಾಕ್ಸ್

ವಾನರ್ ಆರ್ಡರ್ ಹಾಕಿದೆ, ಮೈಕ್ ಇರೋ ಕೇಬಲ್‌ದೇ. ಜೊತೆಗೆ ಒಂದು ಜೊತೆ ಹೆಚ್ಚಿಗೆ ಸಿಲಿಕಾನ್ ಟಿಪ್ಸ್, ಅದು ತಮ್ಮನದು. ಇನ್ನೊಂದೇ ಪ್ರಶ್ನೆ: ವೇವ್ಲೆಟ್ ಹಾಕಿದೆ, ಕೆಲವು ಆಪ್‌ನಲ್ಲಿ ಮಾತ್ರ ಈಕ್ಯೂ ಕೆಲಸ ಮಾಡ್ತಿಲ್ಲ.

ಗ್ರಾಫ್‌ನೋಡಿ

ವೇವ್ಲೆಟ್ ಸೆಟ್ಟಿಂಗ್ಸ್‌ನಲ್ಲಿ ಲೆಗಸಿ ಮೋಡ್ ಅಂತ ಇದೆ, ಆನ್ ಮಾಡಿ ಆ ಆಪ್ ಮುಚ್ಚಿ ತೆರೆಯಿರಿ. ಫೋನ್ ಕಂಪನಿಯ ಸ್ವಂತ ಸೌಂಡ್ ಎಫೆಕ್ಟ್ ಆನ್ ಇದ್ದರೆ ಅದನ್ನ ಮೊದಲು ಆಫ್ ಮಾಡಿ, ಎರಡೂ ಒಟ್ಟಿಗೆ ಓಡಿದರೆ ಒಂದರ ಮೇಲೊಂದು ಬೀಳ್ತವೆ.

ಶ್ರುತಿಬಾಕ್ಸ್

ಆಯ್ತು, ಈಗ ಬಂತು. ಸೌಂಡ್ ಎಫೆಕ್ಟ್ ಆನ್ ಇತ್ತು.